‘ನಿನಗೇಕೆ ಆ ಜಾತ್ರೆ?’ ಎನ್ನುವ ಮುನ್ನ

ಎರಡು ವರ್ಷಗಳ ಹಿಂದಿನ ಮಾತು. ಇಪ್ಪತ್ತೆರಡು ವರ್ಷದ ಯುವಕನೊಬ್ಬ ತಂದೆಯೊಡನೆ ನನ್ನ ಕ್ಲಿನಿಕ್ಕಿಗೆ ಬಂದ. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಶಕ್ತಿಗುಂದುತ್ತಾ ಹೋಗುವ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆ ಅವನಿಗೆ. ಮನೆಯೊಳಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾನೆ. ಹೊರಗೆ ಹೊರಟರೆ ಗಾಲಿಕುರ್ಚಿಯೇ ಗತಿ. ಅಂದು ಅವನು ಬಂದದ್ದು ಔಷಧಿಗಾಗಿ ಅಲ್ಲ. ಬೆಂಗಳೂರಿನಲ್ಲಿ ನಡೆಯಲಿದ್ದ ಕಾಮಿಕ್ಸ್ ಅಭಿಮಾನಿಗಳ ಮೇಳಕ್ಕೆ ಹೋಗಬೇಕು, ತನ್ನೊಡನೆ ಒಬ್ಬ ಸಹಾಯಕರು ಇರಲೇಬೇಕೆಂದು ಒಂದು ಪತ್ರ ಬರೆದುಕೊಡಿ ಎಂದು ಕೇಳಲು ಬಂದಿದ್ದ. ಜಪಾನಿನ ಕಾರ್ಟೂನ್ ಕಥೆಯೊಂದರ ವೀರನ ವೇಷವನ್ನು ಅವನ ಅಕ್ಕ ಹೊಲಿದು ಸಿದ್ಧಮಾಡಿದ್ದಳಂತೆ.

ನಾನು ಪತ್ರ ಬರೆಯಲಿಲ್ಲ. ‘ಅಷ್ಟು ಜನಜಂಗುಳಿಯಲ್ಲಿ ಬಿದ್ದು ಮೂಳೆ ಮುರಿದುಕೊಂಡರೆ? ಸುಸ್ತಾದರೆ? ನಿನಗೇಕಪ್ಪಾ ಆ ಜಾತ್ರೆ? ಅದೆಲ್ಲ ಟೀವಿಯಲ್ಲೇ ಬರುತ್ತಲ್ಲ’ ಎಂದೆ. ತಂದೆಗೆ ನಿರಾಳವಾಯಿತು. ‘ನೋಡು, ಡಾಕ್ಟ್ರೇ ಹೇಳಿದ್ರು’ ಎಂದರು. ಹುಡುಗ ವಾದ ಮಾಡಲಿಲ್ಲ. ಬಾಗಿಲ ಬಳಿ ಕುರ್ಚಿ ತಿರುಗಿಸುವಾಗ ಮಾತ್ರ ಒಂದು ಮಾತು ಹೇಳಿದ: ‘ಹೋದ್ರೆ ಏನಾಗುತ್ತೆ ಅಂತ ಹೇಳಿದ್ರಿ ಸಾರ್. ಹೋಗದೆ ಇದ್ರೆ ಏನಾಗುತ್ತೆ ಅಂತ ಹೇಳಲಿಲ್ಲ.’

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಇಂದಿನ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಇದೂ ಒಂದು ಜಾತ್ರೆಯೇ

ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವ ಓದುಗರಿಗೆ ‘ಕಾಮಿಕ್ ಕಾನ್’ ಎಂಬ ಹೆಸರು ಹೊಸದೇನಲ್ಲ. ಉಳಿದವರಿಗಾಗಿ ಎರಡು ಮಾತು. ಒಂದೇ ಬಗೆಯ ಕಥೆ, ಸಿನಿಮಾ, ಚಿತ್ರಕಥೆ ಅಥವಾ ಆಟವನ್ನು ಮೆಚ್ಚುವವರೆಲ್ಲ ಎರಡು-ಮೂರು ದಿನ ಒಂದೆಡೆ ಸೇರುವುದೇ ಅಭಿಮಾನಿ ಸಮ್ಮೇಳನ. ಗೋಷ್ಠಿಗಳಿರುತ್ತವೆ, ಪುಸ್ತಕದ ಮಳಿಗೆಗಳಿರುತ್ತವೆ, ಮೆಚ್ಚಿನ ಪಾತ್ರದ ವೇಷ ತೊಟ್ಟು ಬರುವವರಿರುತ್ತಾರೆ. ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆದದ್ದು 1939ರಲ್ಲಿ, ನ್ಯೂಯಾರ್ಕಿನಲ್ಲಿ. ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿ 1970ರಲ್ಲಿ ಸಣ್ಣದಾಗಿ ಆರಂಭವಾದ ಕಾಮಿಕ್ ಕಾನ್‌ಗೆ ಈಗ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ನಮ್ಮ ದೇಶದಲ್ಲಿ 2011ರಲ್ಲಿ ದೆಹಲಿಯಲ್ಲಿ ಶುರುವಾದ ಇಂಥ ಮೇಳ ಬಳಿಕ ಬೆಂಗಳೂರಿಗೂ ಬಂತು.

ನಮ್ಮ ತಾತಂದಿರು ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ದೇವರ ದರ್ಶನ ಒಂದು ನೆಪ. ನೆಂಟರು, ಗೆಳೆಯರು ಸಿಗುವುದು ಇನ್ನೊಂದು. ಇಂದಿನ ಮಕ್ಕಳ ಈ ಜಾತ್ರೆಯಲ್ಲೂ ಅದೇ ನಡೆಯುತ್ತದೆ. ವರ್ಷವಿಡೀ ತನ್ನ ಕೋಣೆಯಲ್ಲಿ ಒಂಟಿಯಾಗಿ ಓದಿದ್ದನ್ನು, ನೋಡಿದ್ದನ್ನು ಕುರಿತು ಮಾತನಾಡಲು ಅಲ್ಲಿ ಸಾವಿರ ಜನ ಸಿಗುತ್ತಾರೆ. ಕಾಯಿಲೆಯ ಕಾರಣದಿಂದ ಆಟದ ಮೈದಾನಕ್ಕೆ ಹೋಗಲಾಗದೆ ಪುಸ್ತಕ, ಕಾರ್ಟೂನುಗಳನ್ನೇ ಗೆಳೆಯರನ್ನಾಗಿ ಮಾಡಿಕೊಂಡ ಮಗುವಿಗೆ ಆ ಭೇಟಿ ಎಷ್ಟು ದೊಡ್ಡದೆಂದು ಯೋಚಿಸಿ. ಅಂಥವನನ್ನೇ ‘ನಿನಗೇಕೆ?’ ಎಂದು ಕೇಳಿದವನು ನಾನು.

ಮೈಯ ಕಷ್ಟಗಳೇನು?

ನಾನು ಹೇಳಿದ ಅಪಾಯಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಕಾಯಿಲೆಯಿಂದ ಬರುವುದೆಷ್ಟು, ಜಾಗದ ಏರ್ಪಾಡಿನಿಂದ ಬರುವುದೆಷ್ಟು ಎಂದು ನಾನು ಬಿಡಿಸಿ ನೋಡಿರಲಿಲ್ಲ. ಈಗ ನೋಡೋಣ.

ಮೊದಲನೆಯದು ಸರತಿ ಸಾಲು. ದೊಡ್ಡ ಮೇಳಗಳಲ್ಲಿ ಒಂದು ಗೋಷ್ಠಿಗೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಅಲುಗಾಡದೆ ನಿಂತಾಗ ರಕ್ತ ಕಾಲುಗಳಲ್ಲಿ ಇಳಿದು ನಿಲ್ಲುತ್ತದೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಗಟ್ಟಿಮುಟ್ಟಾದವರೂ ತಲೆ ತಿರುಗಿ ಬೀಳುವುದುಂಟು. ಸಂಧಿವಾತದವರಿಗೆ, ಹೃದಯದ ತೊಂದರೆಯವರಿಗೆ, ಕೃತಕ ಕಾಲು ತೊಟ್ಟವರಿಗೆ ಅರ್ಧ ಗಂಟೆಯೇ ಶಿಕ್ಷೆ. ಇದಕ್ಕೆ ಔಷಧಿ ಮಾತ್ರೆಯಲ್ಲ, ಒಂದು ಕುರ್ಚಿ. ಇಲ್ಲವೇ, ಸರದಿ ಬಂದಾಗ ಕರೆಯುವಂತೆ ಕೊಡುವ ಒಂದು ಚೀಟಿ.

ಎರಡನೆಯದು ಕಿಕ್ಕಿರಿದ ಜಾಗದಲ್ಲಿ ಗಾಲಿಕುರ್ಚಿಯಲ್ಲಿ ಸಿಕ್ಕಿಕೊಳ್ಳುವುದು. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಕಳೆದುಕೊಂಡವರು ಹದಿನೈದು-ಮೂವತ್ತು ನಿಮಿಷಕ್ಕೊಮ್ಮೆ ಮೈಯನ್ನು ಎತ್ತಿ ಅಥವಾ ವಾಲಿಸಿ ಕೆಳಭಾಗದ ಒತ್ತಡ ಇಳಿಸಬೇಕು. ಇಲ್ಲದಿದ್ದರೆ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಒಂದು ದಿನದ ಅಜಾಗ್ರತೆಯಿಂದ ಆದ ಹುಣ್ಣು ಮಾಯಲು ತಿಂಗಳುಗಳೇ ಬೇಕಾಗಬಹುದು. ಮಲಗಿ ಮೈಚಾಚಲು ಒಂದು ಮಂಚವಿರುವ ಕೋಣೆ ಇದ್ದರೆ ಅಂಥವರು ಇಡೀ ದಿನ ನಿರ್ಭಯವಾಗಿ ಇರಬಲ್ಲರು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವೈದ್ಯನಾದ್ದರಿಂದ ನಾನು ಹೇಳಬೇಕು. ಅದು ಶೌಚಾಲಯ. ಗಾಲಿಕುರ್ಚಿ ಒಳಹೋಗುವ ಶೌಚಾಲಯ ಇಲ್ಲದ ಕಡೆ ಹೋಗಬೇಕಾದವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಾರೆ. ನಮ್ಮ ಹೆಣ್ಣುಮಕ್ಕಳು ದೂರದ ಬಸ್ ಪ್ರಯಾಣಕ್ಕೆ ಮುಂಚೆ ಮಾಡುವ ಉಪಾಯವೇ ಇದು. ಆದರೆ ಮೂತ್ರಕೋಶದ ನರಗಳು ದುರ್ಬಲವಾಗಿರುವವರಿಗೆ ಈ ಉಪಾಯ ದುಬಾರಿ. ನೀರು ಕಡಿಮೆಯಾದಂತೆ ಮೂತ್ರದ ಸೋಂಕು, ಕಲ್ಲು ಉಂಟಾಗುವ ಸಾಧ್ಯತೆ ಹೆಚ್ಚುತ್ತದೆ. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಜ್ವರ, ಚಳಿ, ಆಸ್ಪತ್ರೆವಾಸ. ಆಗ ‘ಮೇಳಕ್ಕೆ ಹೋಗಿ ಕಾಯಿಲೆ ತಂದುಕೊಂಡ’ ಎನ್ನುತ್ತೇವೆ. ಕಾಯಿಲೆ ತಂದದ್ದು ಮೇಳವಲ್ಲ, ಎಂಬತ್ತು ಸೆಂಟಿಮೀಟರೂ ಅಗಲವಿಲ್ಲದ ಒಂದು ಬಾಗಿಲು.

ಇನ್ನು ಕಣ್ಣಿಗೆ ಕಾಣದ ತೊಂದರೆಗಳು. ಸಕ್ಕರೆ ಕಾಯಿಲೆಯವರ ಚೀಲದಿಂದ ‘ಹೊರಗಿನ ತಿಂಡಿ ಬಿಡುವುದಿಲ್ಲ’ ಎಂದು ಬಿಸ್ಕತ್ತು, ಗ್ಲೂಕೋಸನ್ನು ಗೇಟಿನಲ್ಲೇ ತೆಗೆಸಿದರೆ ಅದು ಜೀವಕ್ಕೆ ಎರವಾಗಬಹುದು. ಆಟಿಸಂ ಇರುವ ಮಕ್ಕಳಿಗೆ ಎಡೆಬಿಡದ ಧ್ವನಿವರ್ಧಕ, ತಳ್ಳಾಟ ತಡೆಯಲಾರದ ಹಿಂಸೆ. ಹತ್ತು ನಿಮಿಷ ಮೌನವಾಗಿ ಕೂರಲು ಒಂದು ಕೋಣೆ ಸಿಕ್ಕರೆ ಮತ್ತೆ ಚೇತರಿಸಿಕೊಳ್ಳುತ್ತಾರೆ. ಕಿವಿ ಮಂದವಿರುವವರಿಗೆ ತುಟಿಚಲನೆ ಕಾಣುವಂತೆ ಮುಂದಿನ ಸಾಲು ಬೇಕು. ‘ನನ್ನ ದನಿ ದೊಡ್ಡದು, ಮೈಕು ಬೇಡ’ ಎನ್ನುವ ಭಾಷಣಕಾರರು ನಮ್ಮಲ್ಲಿ ಬಹಳ. ಅವರು ಮೈಕನ್ನು ಪಕ್ಕಕ್ಕಿಟ್ಟ ಗಳಿಗೆಯಲ್ಲೇ ಸಭೆಯ ಕೆಲವರು ಮಾತಿನಿಂದ ಹೊರಗುಳಿದುಬಿಡುತ್ತಾರೆ.

ಮಿನುಗುವ ಬೆಳಕಿನ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 1997ರ ಡಿಸೆಂಬರ್ 16ರಂದು ಜಪಾನಿನ ಟೀವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರ ಒಂದು ದೃಶ್ಯದಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು ಹನ್ನೆರಡು ಸಲ ಬದಲಾಗುತ್ತಾ ಮಿನುಗಿತು. ಅಂದು ರಾತ್ರಿ ಸುಮಾರು 700 ಮಂದಿಯನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗಳಿಗೆ ಕರೆದೊಯ್ಯಬೇಕಾಯಿತು. ಕೆಲವರಿಗೆ ಅದಕ್ಕೂ ಹಿಂದೆ ಫಿಟ್ಸ್ ಬಂದದ್ದೇ ಇರಲಿಲ್ಲ. ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಹೀಗೆ ಬೆಳಕಿನಿಂದ ಫಿಟ್ಸ್ ಬರುತ್ತದೆ. ಸಂಖ್ಯೆ ಸಣ್ಣದು, ನಿಜ. ಆದರೆ ‘ಈ ಪ್ರದರ್ಶನದಲ್ಲಿ ಮಿನುಗುವ ಬೆಳಕಿದೆ’ ಎಂದು ಬಾಗಿಲಲ್ಲಿ ಒಂದು ಹಾಳೆ ಅಂಟಿಸಲು ಆಗುವ ಖರ್ಚು ಅದಕ್ಕಿಂತಲೂ ಸಣ್ಣದು.

ಅವರು ಮಾಡಿದ್ದೇನು?

ಇದೆಲ್ಲ ಆಗುವ ಹೋಗುವ ಮಾತೇ ಎಂದು ನೀವು ಕೇಳಬಹುದು. ಆಗಿದೆ. ಸ್ಯಾನ್ ಡಿಯೇಗೋ ಮೇಳದಲ್ಲಿ ಕಿವುಡರಿಗೂ ಇತರ ಅಂಗವಿಕಲರಿಗೂ ನೆರವಾಗಲೆಂದೇ ಒಂದು ವಿಭಾಗವಿದೆ. ದೊಡ್ಡ ಗೋಷ್ಠಿಗಳಲ್ಲಿ ಮಾತನ್ನು ಸಂಜ್ಞೆ ಭಾಷೆಗೆ ತಿರುಗಿಸುವವರಿರುತ್ತಾರೆ. ಸ್ವಲ್ಪ ಹೊತ್ತಿಗೆ ಎರವಲು ಪಡೆಯಲು ಗಾಲಿಕುರ್ಚಿಗಳುಂಟು. ವಿಶ್ರಾಂತಿಯ ಸ್ಥಳವನ್ನು ಅಂಗವಿಕಲರೊಂದಿಗೆ ವೃದ್ಧರೂ ಗರ್ಭಿಣಿಯರೂ ಬಳಸುತ್ತಾರೆ. ಗಮನಿಸಿ, ಒಬ್ಬರಿಗೆಂದು ಮಾಡಿದ ಅನುಕೂಲ ಹತ್ತು ಜನರಿಗೆ ಒದಗುತ್ತದೆ.

ಅದು ಶ್ರೀಮಂತ ಮೇಳ, ಅವರಿಗೇನು ಎನ್ನಬೇಡಿ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಪಟ್ಟಣದಲ್ಲಿ 1977ರಲ್ಲಿ ಆರಂಭವಾದ ವಿಸ್ಕಾನ್ ಎಂಬ ಸಮ್ಮೇಳನ ಸ್ವಯಂಸೇವಕರೇ ನಡೆಸಿಕೊಂಡು ಬಂದದ್ದು. ಅಲ್ಲಿ ಅವರು ಕಂಡುಕೊಂಡ ಉಪಾಯ ನೀಲಿ ಅಂಟುಪಟ್ಟಿ. ಸಭಾಂಗಣದ ನೆಲದ ಮೇಲೆ ಪಟ್ಟಿ ಅಂಟಿಸಿ ಗಾಲಿಕುರ್ಚಿ ನಿಲ್ಲುವ ಜಾಗ ಯಾವುದು, ಓಡಾಡುವ ದಾರಿ ಯಾವುದು ಎಂದು ಗುರುತಿಸಿದರು. ಅಲ್ಲಿ ಯಾರೂ ಕುರ್ಚಿ ಎಳೆದು ಹಾಕುವಂತಿಲ್ಲ, ನಿಂತು ಹರಟುವಂತಿಲ್ಲ. ಒಂದು ಸುರುಳಿ ಅಂಟುಪಟ್ಟಿಗೆ ಎಷ್ಟಾದೀತು?

ಇವೆಲ್ಲ ಬೇಡದೆ ಬಂದ ವರಗಳೂ ಅಲ್ಲ. 2015ರಲ್ಲಿ ನ್ಯೂಯಾರ್ಕ್ ರಾಜ್ಯದ ಸರಟೋಗ ಸ್ಪ್ರಿಂಗ್ಸ್‌ನಲ್ಲಿ ವರ್ಲ್ಡ್ ಫ್ಯಾಂಟಸಿ ಕನ್ವೆನ್ಷನ್ ಎಂಬ ಸಮ್ಮೇಳನ ನಡೆಯಿತು. ಗಾಲಿಕುರ್ಚಿ ಬಳಸುವ ಲೇಖಕಿ ಮಾರಿ ನೆಸ್ ಅಲ್ಲಿ ಗೋಷ್ಠಿಯಲ್ಲಿ ಮಾತನಾಡಬೇಕಿತ್ತು. ಆದರೆ ವೇದಿಕೆ ಏರಲು ಇಳಿಜಾರು ದಾರಿಯೇ ಇರಲಿಲ್ಲ. ಅವರು ಅದನ್ನು ಬಹಿರಂಗವಾಗಿ ಬರೆದರು. ಅದೇ ವರ್ಷ ಮೇರಿ ರಾಬಿನೆಟ್ ಕೋವಲ್ ಎಂಬ ಲೇಖಕಿ ಒಂದು ಪ್ರತಿಜ್ಞೆ ಬರೆದು ಪ್ರಕಟಿಸಿದರು. ಅನೇಕ ಲೇಖಕರು ಸಹಿ ಹಾಕಿದರು. ಮೂರು ಷರತ್ತು ಪಾಲಿಸದ ಸಮ್ಮೇಳನಕ್ಕೆ ನಾವು ಅತಿಥಿಗಳಾಗಿ ಬರುವುದಿಲ್ಲ ಎಂಬುದೇ ಆ ಪ್ರತಿಜ್ಞೆ. ಒಂದು, ಅಂಗವಿಕಲರಿಗೆ ಏನೇನು ಅನುಕೂಲವಿದೆ ಎಂಬುದನ್ನು ವಿವರವಾಗಿ ಮೊದಲೇ ಪ್ರಕಟಿಸಬೇಕು. ಎರಡು, ಈ ಕೆಲಸಕ್ಕೆಂದೇ ತರಬೇತಿ ಪಡೆದ ಒಬ್ಬರಾದರೂ ಇರಬೇಕು, ಅವರು ಸುಲಭವಾಗಿ ಸಿಗುವಂತಿರಬೇಕು. ಮೂರು, ಬಂದವರ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ಮನಸ್ಸಿರಬೇಕು.

ಈ ಮೂರರಲ್ಲಿ ಮೊದಲನೆಯದೇ ನನಗೆ ಅತಿ ಮುಖ್ಯವೆನಿಸುತ್ತದೆ. ಲಿಫ್ಟ್ ಇಲ್ಲ ಎಂದಾದರೆ ಇಲ್ಲ ಎಂದೇ ಬರೆಯಿರಿ. ಆಗ ರೋಗಿಯೂ ಅವನ ವೈದ್ಯರೂ ಲೆಕ್ಕ ಹಾಕಿ ನಿರ್ಧರಿಸಬಹುದು. ನಮ್ಮಲ್ಲಿ ಕಾರ್ಯಕ್ರಮಗಳಿಗೆ ಫೋನು ಮಾಡಿ ಕೇಳಿದರೆ ಸಿಗುವ ಉತ್ತರ ‘ಬನ್ನಿ ಸಾರ್, ನಮ್ಮ ಹುಡುಗ್ರು ಇದ್ದಾರೆ, ನಾಲ್ಕು ಜನ ಸೇರಿ ಎತ್ತಿಬಿಡ್ತಾರೆ’. ಒಳ್ಳೆಯ ಮನಸ್ಸಿನ ಮಾತೇ. ಆದರೆ ಸ್ನಾಯು ದುರ್ಬಲವಾಗಿರುವವನನ್ನು ಅರಿಯದವರು ತೋಳಿನಡಿ ಕೈಹಾಕಿ ಎತ್ತಿದರೆ ಭುಜದ ಕೀಲು ಜಾರಬಹುದು. ಅದಕ್ಕಿಂತ ಹೆಚ್ಚಾಗಿ, ನೂರಾರು ಜನರೆದುರು ಮೂಟೆಯಂತೆ ಎತ್ತಿಸಿಕೊಳ್ಳಲು ಯಾರಿಗೆ ಇಷ್ಟ?

‘ಜುಟ್ಟಿಗೆ ಮಲ್ಲಿಗೆ’ ಎನ್ನುವವರಿಗೆ

ನನ್ನ ವೈದ್ಯಮಿತ್ರರೊಬ್ಬರು ಕೇಳಿದರು: ‘ಬಸ್ಸು ಹತ್ತಲು ಆಗುವುದಿಲ್ಲ, ಶಾಲೆಯಲ್ಲಿ ಇಳಿಜಾರಿಲ್ಲ, ಆಸ್ಪತ್ರೆಗಳಲ್ಲೇ ಸರಿಯಾಗಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ನೀವು ಮೋಜಿನ ಮೇಳದ ಮಾತಾಡುತ್ತೀರಲ್ಲ?’

ಬಸ್ಸು, ಶಾಲೆ, ಆಸ್ಪತ್ರೆ ಮೊದಲು ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಉಳಿದ ನಾವೆಲ್ಲ ‘ಮೊದಲು’ ಎಲ್ಲವೂ ಸರಿಹೋಗಲಿ ಎಂದು ಸಿನಿಮಾ, ಮದುವೆ, ಜಾತ್ರೆಗಳನ್ನು ಮುಂದೂಡಿದ್ದೇವೆಯೇ? ಸಂತೋಷವನ್ನು ಕೊನೆಗೆ ಪಡೆಯಬೇಕೆಂಬ ನಿಯಮ ಅಂಗವಿಕಲನಿಗೆ ಮಾತ್ರ ಏಕೆ? ಒಂಟಿತನವೂ ರೋಗಕಾರಕವೇ. ದೀರ್ಘಕಾಲದ ಒಂಟಿತನದೊಂದಿಗೆ ಖಿನ್ನತೆಯಷ್ಟೇ ಅಲ್ಲ, ಹೃದ್ರೋಗವೂ ತಳುಕು ಹಾಕಿಕೊಂಡಿದೆ ಎಂದು ವೈದ್ಯವಿಜ್ಞಾನ ಕಂಡುಕೊಂಡಿದೆ. ‘ಹೋಗದೆ ಇದ್ರೆ ಏನಾಗುತ್ತೆ’ ಎಂಬ ಪ್ರಶ್ನೆಗೆ ಉತ್ತರ ಇದು. ನಾನು ಬೀಳುವ ಅಪಾಯವನ್ನು ಲೆಕ್ಕಕ್ಕೆ ಹಿಡಿದಿದ್ದೆ, ಮನೆಯಲ್ಲಿ ಕುಳಿತು ಕುಗ್ಗುವ ಅಪಾಯವನ್ನು ಹಿಡಿದಿರಲಿಲ್ಲ.

ಕಾನೂನೂ ಇದನ್ನು ಮೋಜು ಎಂದು ತಳ್ಳಿಹಾಕಿಲ್ಲ. ಅಮೆರಿಕದಲ್ಲಿ 1990ರಲ್ಲೇ ಅಂಗವಿಕಲರ ಕಾಯ್ದೆ ಬಂತು; ಅಲ್ಲಿಯ ಮೇಳಗಳ ಅನುಕೂಲಗಳ ಹಿಂದೆ ಆ ಕಾಯ್ದೆಯ ಬಲವಿದೆ. ನಮ್ಮಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಹೊಸದರಲ್ಲಿ ಇಪ್ಪತ್ತೊಂದು ಇವೆ. ಮಸ್ಕ್ಯುಲರ್ ಡಿಸ್ಟ್ರೋಫಿ, ಆಟಿಸಂ, ಥಲಸೀಮಿಯ, ಹಿಮೋಫಿಲಿಯಗಳೂ ಸೇರಿವೆ. ಸಾಂಸ್ಕೃತಿಕ ಬದುಕಿನಲ್ಲಿ, ಮನರಂಜನೆಯಲ್ಲಿ ಎಲ್ಲರಿಗೆ ಸಮನಾಗಿ ಪಾಲ್ಗೊಳ್ಳುವ ಹಕ್ಕನ್ನು ಅದರ 29ನೆಯ ಕಲಮು ಹೇಳುತ್ತದೆ. ಸೇವೆ ಒದಗಿಸುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ, ನಿಯಮದಂತೆ ಅನುಕೂಲ ಕಲ್ಪಿಸಬೇಕೆಂದು 46ನೆಯ ಕಲಮು ವಿಧಿಸುತ್ತದೆ. ಇಂಥ ಅನುಕೂಲಗಳ ನಿಯಮಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಸಂಘಟಕರ ಇನ್ನೊಂದು ಮಾತು: ‘ಅಂಥವರು ಬರುವುದೇ ಇಲ್ಲ, ಯಾರಿಗಾಗಿ ಮಾಡೋಣ?’ 2011ರ ಜನಗಣತಿಯ ಪ್ರಕಾರವೇ ನಮ್ಮ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಮೆಟ್ಟಿಲಷ್ಟೇ ಇರುವ ಕಡೆ ಅವರು ಬರಲಿಲ್ಲ ಎನ್ನುವುದು, ಬಾಗಿಲು ಹಾಕಿಕೊಂಡು ಅತಿಥಿಗಳೇ ಬರಲಿಲ್ಲ ಎಂದಂತೆ.

ಮೂರನೆಯ ಮಾತು ದುರುಪಯೋಗದ್ದು. ‘ಸುಳ್ಳು ಹೇಳಿ ಸಾಲು ತಪ್ಪಿಸಿಕೊಳ್ಳುತ್ತಾರೆ, ಆದ್ದರಿಂದ ಡಾಕ್ಟರ್ ಸರ್ಟಿಫಿಕೇಟು ಕೇಳುತ್ತೇವೆ.’ ಸರ್ಟಿಫಿಕೇಟು ಬರೆಯುವವನಾಗಿ ಹೇಳುತ್ತೇನೆ: ಗೇಟಿನಲ್ಲಿ ಅದನ್ನು ಕೇಳಬೇಡಿ. ಸರ್ಕಾರಿ ಪ್ರಮಾಣಪತ್ರದಿಂದ ದೊರೆಯುವ ಅನೇಕ ಸವಲತ್ತುಗಳಿಗೆ ಶೇಕಡಾ 40ರ ಮಿತಿಯಿದೆ. ಕಾಲು ಮುರಿದುಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ತುಂಬು ಗರ್ಭಿಣಿಯರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವರಿಗೂ ಕುರ್ಚಿ ಬೇಕು. ಕಾವಲುಗಾರನ ಮುಂದೆ ತನ್ನ ರೋಗದ ಹೆಸರು ಹೇಳಬೇಕಾದರೆ ಎಷ್ಟೋ ಮಂದಿ ಹಿಂದಿರುಗಿಬಿಡುತ್ತಾರೆ. ಅಮೆರಿಕದಲ್ಲಿ ಅಂಗವಿಕಲರ ಆಸನದ ಟಿಕೆಟು ಕೊಳ್ಳುವಾಗ ವೈಕಲ್ಯಕ್ಕೆ ಪುರಾವೆ ಕೇಳುವಂತಿಲ್ಲ. ನಾಲ್ವರು ಸುಳ್ಳುಗಾರರು ಕುರ್ಚಿಯಲ್ಲಿ ಕುಳಿತರೆ ಆಗುವ ನಷ್ಟ ಸಣ್ಣದು. ಒಬ್ಬ ನಿಜವಾದ ರೋಗಿ ಸಾಲಿನಲ್ಲಿ ಬಿದ್ದರೆ ಆಗುವುದು ದೊಡ್ಡದು.

ನಮ್ಮ ಊರಿನ ಸಭೆಗಳಿಗೂ ಸಲ್ಲುವ ಮಾತು

ಮೇಳ ಬೆಂಗಳೂರಿನದಾದರೂ ಪಾಠ ಎಲ್ಲ ಊರಿಗೂ ಸಲ್ಲುತ್ತದೆ. ಸಾಹಿತ್ಯ ಸಮ್ಮೇಳನ, ಶಾಲಾ ವಾರ್ಷಿಕೋತ್ಸವ, ಗಣೇಶೋತ್ಸವ, ಕಲ್ಯಾಣಮಂಟಪದ ಮದುವೆ ಎಲ್ಲಕ್ಕೂ ಇದು ಅನ್ವಯ. ಸಂಘಟಿಸುವವರು ಇಷ್ಟನ್ನು ನೆನಪಿಡಲಿ:

1. ಇಳಿಜಾರಿನ ಅಳತೆ ಒಂದಕ್ಕೆ ಹನ್ನೆರಡು. ವೇದಿಕೆ ಎರಡು ಅಡಿ ಎತ್ತರವಿದ್ದರೆ ಇಳಿಜಾರು ಇಪ್ಪತ್ತನಾಲ್ಕು ಅಡಿ ಉದ್ದ ಬೇಕು. ಮೆಟ್ಟಿಲ ಮೇಲೆ ಹಲಗೆ ಒರಗಿಸಿದರೆ ಅದು ಜಾರುಬಂಡೆಯಾಗುತ್ತದೆ.

2. ಸಭೆಯಲ್ಲಿ ಗಾಲಿಕುರ್ಚಿಗೆ ಜಾಗ ಬಿಡುವಾಗ ಮೂಲೆಯಲ್ಲಲ್ಲ, ಅವರ ಮನೆಯವರ ಪಕ್ಕದಲ್ಲೇ ಬಿಡಿ.

3. ಅಂಗವಿಕಲರ ಶೌಚಾಲಯವನ್ನು ಮುರಿದ ಮೇಜು, ಬಕೆಟ್ಟು ತುಂಬುವ ಉಗ್ರಾಣ ಮಾಡಬೇಡಿ.

4. ಔಷಧಿ, ಇನ್ಸುಲಿನ್, ಗ್ಲೂಕೋಸ್, ನೀರಿನ ಶೀಸೆಗಳನ್ನು ತಡೆಯಬಾರದೆಂದು ಗೇಟಿನವರಿಗೆ ಮೊದಲೇ ಹೇಳಿ.

5. ಕೇಳದೆ ಯಾರ ಗಾಲಿಕುರ್ಚಿಯನ್ನೂ ತಳ್ಳಬೇಡಿ. ಅದು ಅವರ ಮೈಯ ಭಾಗವಿದ್ದಂತೆ. ‘ಸಹಾಯ ಬೇಕೇ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ಕುಟುಂಬದವರಿಗೂ ಒಂದು ಕಿವಿಮಾತು. ಹೋಗುವ ಹದಿನೈದು ದಿನ ಮುಂಚೆಯೇ ಸಂಘಟಕರನ್ನು ಸಂಪರ್ಕಿಸಿ: ಗಾಡಿ ಎಲ್ಲಿವರೆಗೆ ಬರುತ್ತದೆ, ಶೌಚಾಲಯ ಹೇಗಿದೆ, ಜೊತೆಗಾರರಿಗೆ ಬೇರೆ ಟಿಕೆಟು ಬೇಕೇ, ವಿಶ್ರಾಂತಿಗೆ ಜಾಗವಿದೆಯೇ ಎಂದು ಕೇಳಿ. ಒಂದು ದಿನದಲ್ಲಿ ಎಲ್ಲವನ್ನೂ ನೋಡುವ ಆಸೆ ಬೇಡ. ಎರಡೇ ಕಾರ್ಯಕ್ರಮ ಆರಿಸಿಕೊಂಡು ನಡುವೆ ವಿಶ್ರಾಂತಿ ಇಟ್ಟುಕೊಳ್ಳಿ. ಔಷಧಿಯ ಹೊತ್ತು ತಪ್ಪದಿರಲಿ, ಎರಡು ಹೊತ್ತಿನ ಔಷಧಿ ಹೆಚ್ಚಿಗೆ ಇರಲಿ. ರೋಗನಿರೋಧಕ ಶಕ್ತಿ ಕುಂದಿದವರು ಮಾಸ್ಕ್ ಧರಿಸಲಿ. ರೋಗದ ಹೆಸರು, ಔಷಧಿ, ಮನೆಯ ಫೋನ್ ಸಂಖ್ಯೆ ಬರೆದ ಚೀಟಿ ಜೇಬಿನಲ್ಲಿರಲಿ.

ಆ ಹುಡುಗನ ಕಥೆ ಏನಾಯಿತು ಎಂದಿರಾ? ಕಳೆದ ವರ್ಷ ಮತ್ತೆ ಬಂದ. ಈ ಸಲ ಪತ್ರ ಬರೆದುಕೊಟ್ಟೆ. ಹೋಗುವ ಮುನ್ನ ಹೃದಯದ ಪರೀಕ್ಷೆಯನ್ನೂ ಮಾಡಿಸಿದೆ. ಅಕ್ಕನೊಡನೆ ಹೋಗಿ, ಮೂರು ಗಂಟೆ ಇದ್ದು ಬಂದ. ಎರಡು ದಿನ ಸುಸ್ತಾಗಿ ಮಲಗಿದ್ದನೆಂದು ತಂದೆ ಫೋನಿನಲ್ಲಿ ದೂರಿದರು. ಬಳಿಕ ಅವನನ್ನೇ ಕೇಳಿದೆ, ‘ಹೇಗಿತ್ತಪ್ಪಾ?’

‘ಎಲ್ಲಿ ಹೋದ್ರೂ ಜನ ಮೊದಲು ಕೇಳೋದು ಕಾಲಿಗೆ ಏನಾಯ್ತು ಅಂತ ಸಾರ್. ಅಲ್ಲಿ ಎಲ್ಲರೂ ಕೇಳಿದ್ದು ಈ ವೇಷ ಯಾರು ಹೊಲಿದ್ರು ಅಂತ’ ಎಂದ.

ಬಿದ್ದಾನು ಎಂದು ನಾನು ಹೆದರಿದ್ದೆ. ಹೆದರಿದ್ದು ತಪ್ಪಲ್ಲ, ಅಲ್ಲಿಗೇ ನಿಲ್ಲಿಸಿದ್ದು ತಪ್ಪು. ಮುಂದೆ ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಆಸೆ ಹೇಳಿಕೊಂಡರೆ ‘ನಿನಗೇಕೆ?’ ಎನ್ನುವ ಬದಲು ‘ಹೇಗೆ ಹೋಗೋಣ?’ ಎಂದು ಕೇಳಿ. ನಿಮ್ಮ ವೈದ್ಯರ ಬಾಯಲ್ಲೂ ಅದೇ ಪ್ರಶ್ನೆ ಬರುವಂತೆ ಮಾಡಿ.